ಕಾಲೊತ್ತಿದರೆ ಮುಗ್ಗರಿಸುವ ಹಳೇ ಕಾರು: ತೊಂದರೆ ಹುಡುಕುವುದು ಹೇಗೆ?

ಸ್ಟಾರ್ಟ್ ಒಂದೇ ಏಟಿಗೆ ಆಗುತ್ತದೆ. ಐಡ್ಲಿಂಗ್ ನೆಟ್ಟಗಿದೆ. ಮೆಲ್ಲಗೆ ಓಡಿಸುವಷ್ಟು ಹೊತ್ತೂ ತಕರಾರಿಲ್ಲ. ಮುಂದಿನ ಲಾರಿಯನ್ನು ದಾಟೋಣವೆಂದು ಆಕ್ಸಿಲರೇಟರನ್ನು ಪೂರ್ತಿ ಒತ್ತಿದಿರೋ, ಎಂಜಿನ್ ಉಸಿರು ಕಟ್ಟಿದಂತೆ ತಡವರಿಸುತ್ತದೆ, ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬ್ಯುರೇಟರಿನ ಬಾಯಲ್ಲಿ ‘ಫಟ್’ ಎಂದು ಸೀನುತ್ತದೆ, ಆಮೇಲೆ ಎಳೆಯುತ್ತದೆ. ಕೆಲವೊಮ್ಮೆ ಎಳೆಯುವುದೇ ಇಲ್ಲ. ಕಾರ್ಬ್ಯುರೇಟರ್ ಮತ್ತು ಪಾಯಿಂಟ್ (ಕಿಡಿಗಾಗಿ ಕರೆಂಟನ್ನು ಕಡಿದು ಕೂಡಿಸುವ ಸ್ವಿಚ್ಚು) ಕಾಲದ ಕಾರು ಇಟ್ಟುಕೊಂಡವರಿಗೆ ಇದು ಒಂದಲ್ಲ ಒಂದು ದಿನ ಎದುರಾಗುವ ಕಾಯಿಲೆ.

ಆಗ ಎಲ್ಲರ ಕೈಯೂ ಮೊದಲು ಹೋಗುವುದು ಕಾರ್ಬ್ಯುರೇಟರಿನ ಸ್ಕ್ರೂಗಳ ಮೇಲೆ. ದಯವಿಟ್ಟು ತಡೆಯಿರಿ. ಹೆಚ್ಚಿನ ಕಾರ್ಬ್ಯುರೇಟರುಗಳಲ್ಲಿ ಆ ಮಿಕ್ಸ್ಚರ್ ಸ್ಕ್ರೂ ಐಡ್ಲಿಂಗ್‌ಗೆ ಸಂಬಂಧಪಟ್ಟದ್ದು. ಗಾಳಿಯ ಬಾಗಿಲಾದ ಥ್ರಾಟಲ್ ಪೂರ್ತಿ ತೆರೆದಾಗ ಅದರ ಮಾತು ನಡೆಯುವುದಿಲ್ಲ. ಅದನ್ನು ತಿರುವಿದರೆ ಇದ್ದ ಒಂದು ತೊಂದರೆ ಎರಡಾಗುತ್ತದೆ, ಅಷ್ಟೇ.

ಮೊದಲು ಗಳಿಗೆ ಗುರುತಿಸಿ

ಟೂಲ್ ಬಾಕ್ಸ್ ತೆರೆಯುವ ಮುಂಚೆ ಖಾಲಿ ರಸ್ತೆಯಲ್ಲಿ ಒಮ್ಮೆ ಓಡಿಸಿ. ಪಕ್ಕದಲ್ಲಿ ಒಬ್ಬರು ಕೂತು ಬರೆದುಕೊಳ್ಳಲಿ. ನೋಡಬೇಕಾದದ್ದು ಒಂದೇ: ಎಂಜಿನ್ ಮುಗ್ಗರಿಸುವುದು ಯಾವಾಗ?

ಕಾಲೊತ್ತಿದ ಕ್ಷಣದಲ್ಲೇ ತಡವರಿಸಿ, ಮರುಕ್ಷಣ ಸರಿಹೋದರೆ ಆ ಹೊತ್ತಿಗೆ ಬೇಕಾದ ಹೆಚ್ಚುವರಿ ಪೆಟ್ರೋಲ್ ಸಿಕ್ಕಿಲ್ಲ, ಇಲ್ಲವೇ ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನಲ್ಲಿ ಏನೋ ಅಲುಗಾಡುತ್ತಿದೆ. ಮೊದಲು ಚೆನ್ನಾಗಿ ಎಳೆದು, ಕೆಲವು ಸೆಕೆಂಡುಗಳ ನಂತರ ಸೊರಗಿ, ಕಾಲು ಸಡಿಲಿಸಿದರೆ ಚೇತರಿಸಿಕೊಂಡರೆ ಪೆಟ್ರೋಲ್ ಹರಿವು ಸಾಲುತ್ತಿಲ್ಲ. ಏರಿನಲ್ಲಿ, ಮೇಲಿನ ಗೇರಿನಲ್ಲಿ, ಭಾರ ಬಿದ್ದಾಗ ಮಾತ್ರ ಚೂಪಾಗಿ ಕತ್ತರಿಸಿದಂತೆ ಮಿಸ್ಸಿಂಗ್ ಬಂದರೆ ಕಿಡಿಯ ಮೇಲೆ ಅನುಮಾನ. ಹಿಂದೆ ಕಪ್ಪು ಹೊಗೆ ಬಂದರೆ ಪೆಟ್ರೋಲ್ ಹೆಚ್ಚಾಗಿದೆ. ಕಾರ್ಬ್ಯುರೇಟರ್ ಸೀನಿದರೆ ಬಹಳ ಸಲ ಕಡಿಮೆಯಾಗಿದೆ.

ಕಿಡಿ: ಇಲ್ಲಿಂದಲೇ ಶುರು ಮಾಡಿ

ಕಾರ್ಬ್ಯುರೇಟರಿನ ತೊಂದರೆಗಳಲ್ಲಿ ಮುಕ್ಕಾಲು ಪಾಲು ಕರೆಂಟಿನವು ಎಂದು ಹಳೇ ಮೆಕ್ಯಾನಿಕ್‌ಗಳು ನಗುತ್ತಾರೆ. ತಮಾಷೆಯೇ ಆದರೂ ಅದರಲ್ಲಿ ಹುರುಳಿದೆ. ಥ್ರಾಟಲ್ ಅರೆಬರೆ ತೆರೆದಾಗ ಸಿಲಿಂಡರ್ ಪೂರ್ತಿ ತುಂಬುವುದಿಲ್ಲ, ಒಳಗಿನ ಒತ್ತಡ ಕಡಿಮೆ, ಬಡಕಲು ಕಿಡಿಯೂ ಹಾರಿಬಿಡುತ್ತದೆ. ಪೂರ್ತಿ ತೆರೆದಾಗ ಸಿಲಿಂಡರಿನೊಳಗೆ ದಟ್ಟಣೆ ಹೆಚ್ಚಿ, ಪ್ಲಗ್ಗಿನ ಅದೇ ಸಂದಿಯನ್ನು ದಾಟಲು ಹೆಚ್ಚು ವೋಲ್ಟೇಜ್ ಬೇಕಾಗುತ್ತದೆ. ಐಡ್ಲಿಂಗ್‌ನಲ್ಲಿ ಬಚ್ಚಿಟ್ಟುಕೊಂಡಿದ್ದ ದೌರ್ಬಲ್ಯ ಅಲ್ಲಿ ಬಯಲಾಗುತ್ತದೆ.

ಪ್ಲಗ್ಗುಗಳನ್ನು ಬಿಚ್ಚಿ ಕ್ರಮವಾಗಿ ಸಾಲಾಗಿಡಿ. ಯಾವುದು ಯಾವ ಸಿಲಿಂಡರಿನದೆಂದು ಆಮೇಲೆ ತಲೆ ಕೆರೆದುಕೊಳ್ಳುವುದು ಬೇಡ. ಫೀಲರ್ ಗೇಜ್‌ನಲ್ಲಿ ಸಂದಿ ಅಳೆಯಿರಿ. ಪಾಯಿಂಟ್ ಇಗ್ನಿಷನ್ ಇರುವ ಅನೇಕ ಕಾರುಗಳಿಗೆ 0.6ರಿಂದ 0.7 ಮಿಲಿಮೀಟರ್. ಪಾಯಿಂಟಿನ ಸಂದಿ ಸಾಮಾನ್ಯವಾಗಿ 0.35ರಿಂದ 0.4 ಮಿ.ಮೀ. ನಿಮ್ಮ ಕಾರಿನ ಕೈಪಿಡಿ ಬೇರೆ ಹೇಳಿದರೆ ಅದೇ ಕೊನೆಯ ಮಾತು. ಪಾಯಿಂಟಿನ ಮುಖ ಸುಟ್ಟು, ಒಂದು ಕಡೆ ಗುಳಿ, ಇನ್ನೊಂದು ಕಡೆ ದಿಬ್ಬ ಎದ್ದಿದ್ದರೆ ಪಾಯಿಂಟ್ ಸುಡದಂತೆ ತಡೆಯುವ ಕಂಡೆನ್ಸರನ್ನೂ ಬದಲಿಸಿ. ಕತ್ತಲಾದ ಮೇಲೆ ಬಾನೆಟ್ ಎತ್ತಿ, ಎಂಜಿನ್ ಓಡಿಸಿ, ಪ್ಲಗ್ ವೈರುಗಳ ಮೇಲೆ ಕಣ್ಣಿಡಿ. ಸಣ್ಣ ನೀಲಿ ಮಿಂಚು ಹರಿದಾಡಿದರೆ ಕಿಡಿ ಸೋರುತ್ತಿದೆ.

ಇನ್ನು ಡಿಸ್ಟ್ರಿಬ್ಯೂಟರಿನ ಒಳಗಿನ ಒಂದು ಜಾಗ. ಅದನ್ನು ನಾನು ಕಷ್ಟಪಟ್ಟು ಕಲಿತೆ. ನನ್ನ ಕಾರು ಕಾಲೊತ್ತಿದಾಗಲೆಲ್ಲ ಒಂದು ಜರ್ಕ್ ಹೊಡೆಯುತ್ತಿತ್ತು. ಎರಡು ಭಾನುವಾರ ಕಾರ್ಬ್ಯುರೇಟರ್ ಬಿಚ್ಚಿ, ತೊಳೆದು, ಜೋಡಿಸಿದೆ. ಜರ್ಕ್ ಹಾಗೇ ಇತ್ತು. ಮೂರನೇ ವಾರ ಡಿಸ್ಟ್ರಿಬ್ಯೂಟರ್ ಕ್ಯಾಪ್ ತೆಗೆದು, ಪಾಯಿಂಟ್ ಕೂತಿರುವ ಪ್ಲೇಟನ್ನು ಬೆರಳಿನಿಂದ ತಿರುಗಿಸುತ್ತ ಟಾರ್ಚ್ ಬಿಟ್ಟು ನೋಡಿದೆ. ಪ್ಲೇಟಿನಿಂದ ಡಿಸ್ಟ್ರಿಬ್ಯೂಟರಿನ ಮೈಗೆ ಹೋಗುವ ಅರ್ತ್ ವೈರ್ ಬೆರಳುದ್ದವೂ ಇಲ್ಲ. ಮೇಲಿನ ಹೊದಿಕೆ ಹೊಸದರಂತೆ ಕಾಣುತ್ತಿತ್ತು. ಮೆಲ್ಲಗೆ ಎಳೆದರೆ ರಬ್ಬರಿನಂತೆ ಹಿಗ್ಗಿತು. ಒಳಗಿನ ತಾಮ್ರದ ಎಳೆಗಳೆಲ್ಲ ತುಂಡಾಗಿ, ತುದಿಗೆ ತುದಿ ತಾಗಿಕೊಂಡಿದ್ದವು. ಕಾಲೊತ್ತಿದಾಗ ಈ ಪ್ಲೇಟನ್ನು ಎಳೆದಿಟ್ಟಿದ್ದ ಎಂಜಿನ್ನಿನ ವ್ಯಾಕ್ಯೂಮ್ (ನಿರ್ವಾತ) ಒಮ್ಮೆಲೇ ಕುಸಿದು ಪ್ಲೇಟ್ ಹಿಂದಕ್ಕೆ ತಿರುಗುತ್ತದೆ. ಆ ಕ್ಷಣ ತುದಿಗಳು ಅಗಲಿ ಕಿಡಿ ತಪ್ಪುತ್ತಿತ್ತು. ಇಲ್ಲಿಗೆ ಕೂದಲಿನಂಥ ಎಳೆಗಳಿರುವ ಮೆತ್ತನೆಯ ವೈರೇ ಬೇಕು. ಗಟ್ಟಿ ವೈರ್ ಹಾಕಿದರೆ ಅದೂ ಸ್ವಲ್ಪ ದಿನಕ್ಕೆ ತುಂಡಾಗುತ್ತದೆ.

ಕ್ಯಾಪ್ ತೆಗೆದಿರುವಾಗಲೇ ಇನ್ನೆರಡು ಪರೀಕ್ಷೆ ಮುಗಿಸಿ. ವ್ಯಾಕ್ಯೂಮ್ ಪೈಪನ್ನು ಕಾರ್ಬ್ಯುರೇಟರ್ ಕಡೆಯಿಂದ ಬಿಡಿಸಿ, ತುದಿ ಒರೆಸಿ ಬಾಯಿಂದ ಎಳೆಯಿರಿ, ನಾಲಿಗೆಯಿಂದ ಮುಚ್ಚಿ ಹಿಡಿಯಿರಿ. ಪ್ಲೇಟ್ ಸರಿದು ಅಲ್ಲೇ ನಿಂತರೆ ಅದನ್ನು ಎಳೆಯುವ ತೆಳು ಪರದೆ, ಅಂದರೆ ಡಯಾಫ್ರಮ್, ಚೆನ್ನಾಗಿದೆ. ಗಾಳಿ ಸಲೀಸಾಗಿ ಬಂದರೆ ಹರಿದಿದೆ. ಆಮೇಲೆ ರೋಟರನ್ನು ಅದು ಸುತ್ತುವ ದಿಕ್ಕಿಗೆ ತಿರುವಿ ಬಿಡಿ, ಸ್ಪ್ರಿಂಗ್ ಎಳೆದು ಚಟ್ಟನೆ ಹಿಂದಕ್ಕೆ ಬರಬೇಕು. ಬಾರದಿದ್ದರೆ ಕೆಳಗಿನ ತೂಕದ ಗುಂಡುಗಳು ತುಕ್ಕು ಹಿಡಿದು ಕೂತಿವೆ, ವೇಗ ಏರಿದರೂ ಕಿಡಿಯ ಟೈಮಿಂಗ್ ಮುಂದಕ್ಕೆ ಹೋಗುತ್ತಿಲ್ಲ.

ಒತ್ತಿದ ಕ್ಷಣದ ಪೆಟ್ರೋಲ್

ಗಾಳಿ ಹಗುರ, ಪೆಟ್ರೋಲ್ ಭಾರ. ಥ್ರಾಟಲ್ ತಟ್ಟನೆ ತೆರೆದರೆ ಗಾಳಿ ಆಗಲೇ ನುಗ್ಗುತ್ತದೆ, ಪೆಟ್ರೋಲ್ ಜೆಟ್ಟಿನಿಂದ (ಅದು ಹೊರಬರುವ ಸಣ್ಣ ರಂಧ್ರ) ಎದ್ದು ಬರಲು ತಡ ಮಾಡುತ್ತದೆ. ಆ ಅಂತರ ತುಂಬಲಿಕ್ಕೆಂದೇ ಸೋಲೆಕ್ಸ್, ವೆಬರ್ ಮೊದಲಾದ ಕಾರ್ಬ್ಯುರೇಟರುಗಳಲ್ಲಿ ಆಕ್ಸಿಲರೇಟರ್ ಪಂಪ್ ಇರುತ್ತದೆ.

ಎಂಜಿನ್ ನಿಲ್ಲಿಸಿ, ತಣ್ಣಗಾಗಲು ಬಿಡಿ. ಹತ್ತಿರ ಬೆಂಕಿ, ಸಿಗರೇಟು ಯಾವುದೂ ಬೇಡ. ಏರ್ ಫಿಲ್ಟರ್ ತೆಗೆದು, ಕಾರ್ಬ್ಯುರೇಟರಿನ ಗಂಟಲಿಗೆ ಟಾರ್ಚ್ ಹಿಡಿದು ಕೈಯಿಂದ ಥ್ರಾಟಲ್ ತೆರೆಯಿರಿ. ಮುಖ ಸ್ವಲ್ಪ ದೂರವಿರಲಿ. ಲಿವರ್ ಕದಲಿದ ಕೂಡಲೇ ಸೂಜಿಯಷ್ಟು ಸಣ್ಣ, ಆದರೆ ಬಿರುಸಾದ ಧಾರೆ ಚಿಮ್ಮಬೇಕು. ಅರ್ಧ ತೆರೆದ ಮೇಲೆ ಬಂದರೆ ಲಿಂಕ್ ಸವೆದಿದೆ. ತೊಟ್ಟಿಕ್ಕಿದರೆ ಡಯಾಫ್ರಮ್ ಬಿರುಕು ಬಿಟ್ಟಿದೆ, ಇಲ್ಲವೇ ನಾಝಲ್ ಕಟ್ಟಿದೆ. ಬಹಳ ದಿನ ನಿಂತ ಕಾರಿನಲ್ಲಿ ಪಂಪಿನ ಪುಟ್ಟ ಗೋಲಿ ಅಂಟಿಕೊಂಡಿರುವುದೂ ಉಂಟು.

ಎಸ್‌ಯು ಎಂಬ ತಯಾರಿಯ ಕಾರ್ಬ್ಯುರೇಟರ್ ಇದ್ದರೆ ಈ ಪಂಪ್ ಹುಡುಕಬೇಡಿ, ಇರುವುದಿಲ್ಲ. ಅಲ್ಲಿ ಆ ಕೆಲಸ ಎಣ್ಣೆಯದು. ಮೇಲಿನ ಕಪ್ಪು ಅಥವಾ ಹಿತ್ತಾಳೆಯ ಮುಚ್ಚಳ ತಿರುಗಿಸಿ ಡ್ಯಾಂಪರ್ ಎತ್ತಿ ನೋಡಿ. ಎಣ್ಣೆ ಬತ್ತಿದ್ದರೆ ಕಾರ್ಬ್ಯುರೇಟರಿನೊಳಗಿನ ಪಿಸ್ಟನ್ ಕಾಲೊತ್ತಿದಾಗ ಜಿಗಿದುಬಿಡುತ್ತದೆ, ಮಿಶ್ರಣ ತೆಳ್ಳಗಾಗಿ ಎಂಜಿನ್ ಮುಗ್ಗರಿಸುತ್ತದೆ. ಎಣ್ಣೆ ತುಂಬಿ, ಡ್ಯಾಂಪರ್ ಕೂರಿಸಿ, ಪಿಸ್ಟನ್ನನ್ನು ಬೆರಳಿನಿಂದ ಎತ್ತಿದರೆ ಭಾರವಾಗಿ ಏರಬೇಕು, ಬಿಟ್ಟರೆ ‘ಟಕ್’ ಎಂದು ಬೀಳಬೇಕು. ಚಮಚೆಯಷ್ಟು ಎಣ್ಣೆಯಿಂದ ವಾಸಿಯಾಗುವ ಕಾಯಿಲೆಗೆ ಇಡೀ ಕಾರ್ಬ್ಯುರೇಟರ್ ಬದಲಿಸಿದವರನ್ನು ಕಂಡಿದ್ದೇನೆ.

ಎಳೆದೆಳೆದು ಸೊರಗುವ ಎಂಜಿನ್

ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ನಿಲ್ಲುವ ಫ್ಲೋಟ್ ಬೌಲ್ ತುಂಬುವುದಕ್ಕಿಂತ ಬೇಗ ಬರಿದಾಗುತ್ತಿದೆ ಎಂದರ್ಥ. ಖರ್ಚಿಲ್ಲದ ಪರೀಕ್ಷೆ ಮೊದಲು: ಸೊರಗಿದ ಕೂಡಲೇ ಬದಿಗೆ ನಿಲ್ಲಿಸಿ, ಟ್ಯಾಂಕಿನ ಮುಚ್ಚಳ ತೆರೆಯಿರಿ. ‘ಸುಸ್ಸ್’ ಎಂದು ಗಾಳಿ ಒಳಕ್ಕೆ ಎಳೆದರೆ ಗಾಳಿಯಾಡುವ ಕಿಂಡಿ ಕಟ್ಟಿದೆ, ಟ್ಯಾಂಕಿನೊಳಗಿನ ನಿರ್ವಾತ ಪೆಟ್ರೋಲನ್ನು ಹಿಡಿದಿಟ್ಟಿದೆ.

ಅಲ್ಲದಿದ್ದರೆ ಫಿಲ್ಟರ್ ಬದಲಿಸಿ. ಹಳೇ ರಬ್ಬರ್ ಪೈಪುಗಳನ್ನು ಹಿಂಡಿ ನೋಡಿ. ಎಥನಾಲ್ ಬೆರೆತ ಪೆಟ್ರೋಲಿಗೆ ಅಂಥ ರಬ್ಬರ್ ತಡೆಯುವುದಿಲ್ಲ, ಹೊರಗೆ ಸರಿಯಾಗಿದ್ದು ಒಳಗೆ ಉಬ್ಬಿ ದಾರಿ ಮುಚ್ಚಿರುತ್ತದೆ. ಐದು ನಿಮಿಷ ನಿಲ್ಲಿಸಿದರೆ ಕಾರು ತಾನಾಗಿ ಸರಿಹೋಗಿ, ಮತ್ತೆ ಅಷ್ಟು ದೂರಕ್ಕೆ ಸೊರಗಿದರೆ ಟ್ಯಾಂಕಿನ ತಳದ ತುಕ್ಕು ಪೈಪಿನ ಬಾಯಿಗೆ ಅಡರಿ, ನಿಂತಾಗ ಕೆಳಗಿಳಿಯುತ್ತಿರಬಹುದು. ಇವೆಲ್ಲ ಸರಿಯಿದ್ದ ಮೇಲಷ್ಟೇ ಫ್ಯೂಯೆಲ್ ಪಂಪ್, ಆಮೇಲೆ ಫ್ಲೋಟ್ ಮಟ್ಟ.

ಉಳಿದದ್ದು

ಕಾರ್ಬ್ಯುರೇಟರಿನ ಬುಡದ ಗ್ಯಾಸ್ಕೆಟ್, ಸವೆದ ಥ್ರಾಟಲ್ ಸ್ಪಿಂಡಲ್, ಮ್ಯಾನಿಫೋಲ್ಡ್ ಜೋಡಣೆ ಇವುಗಳಲ್ಲಿ ಗಾಳಿ ನುಸುಳಿದರೂ ಇದೇ ಲಕ್ಷಣ. ಆದರೆ ಆಗ ಐಡ್ಲಿಂಗ್ ಕೂಡ ಕೆಟ್ಟಿರುತ್ತದೆ. ಸೈಲೆನ್ಸರ್ ಕಟ್ಟಿದೆಯೇ ಎಂಬುದನ್ನೂ ಮರೆಯಬೇಡಿ. ಒಬ್ಬರಿಗೆ ಪೆಡಲನ್ನು ನೆಲಕ್ಕೆ ಒತ್ತಲು ಹೇಳಿ, ಥ್ರಾಟಲ್ ಪೂರ್ತಿ ತೆರೆಯಿತೇ ನೋಡಿ. ಪೆಡಲಿನ ಕೆಳಗೆ ಮಡಿಸಿಕೊಂಡ ದಪ್ಪ ಮ್ಯಾಟ್ ಎಷ್ಟೋ ಕಾರುಗಳ ಶಕ್ತಿ ತಿಂದಿದೆ.

ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಅದೇ ರಸ್ತೆಯಲ್ಲಿ, ಅದೇ ಗೇರಿನಲ್ಲಿ ಓಡಿಸಿ. ಮುಗ್ಗರಿಕೆ ಹೋಯಿತೆನಿಸಿದ ದಿನ, ಒಂದು ಉದ್ದ ಏರನ್ನು ಗಟ್ಟಿಯಾಗಿ ಎಳೆಸಿ, ಬದಿಗೆ ನಿಲ್ಲಿಸಿ, ಎಂಜಿನನ್ನು ಐಡ್ಲಿಂಗ್‌ನಲ್ಲಿ ಬಿಡದೆ ಕೂಡಲೇ ಆಫ್ ಮಾಡಿ. ಸ್ವಲ್ಪ ಆರಿದ ಮೇಲೆ ಪ್ಲಗ್ ಬಿಚ್ಚಿ ನೋಡಿ. ತೆಳು ಕಂದು ಬಣ್ಣವಿದ್ದರೆ ಕೈ ತೊಳೆದುಕೊಳ್ಳಬಹುದು. ಸುಣ್ಣದಂತೆ ಬಿಳಿಯಾಗಿದ್ದರೆ ಇನ್ನೂ ಪೆಟ್ರೋಲ್ ಸಾಲುತ್ತಿಲ್ಲ. ಮೇನ್ ಜೆಟ್ ಬಿಚ್ಚಿ ಬೆಳಕಿಗೆ ಹಿಡಿಯಿರಿ.