ಸೆಕೆಯ ಊರಿನಲ್ಲಿ ಸೊಂಟದ ರಿವಾಲ್ವರ್: ನನ್ನ ಅನುಭವ

ಮಂಗಳೂರಿನ ರಥಬೀದಿಯ ಬದಿಯಲ್ಲಿ ನಮ್ಮದೊಂದು ಚಿಕ್ಕ ಚಿನ್ನಾಭರಣದ ಸಗಟು ವ್ಯಾಪಾರದ ಕಚೇರಿಯಿದೆ. ನಾನು ಅದರ ಪಾಲುದಾರ. ವಾರದಲ್ಲಿ ಎರಡು ಮೂರು ದಿನ ಉಡುಪಿ, ಕುಂದಾಪುರ, ಪುತ್ತೂರಿನ ಅಂಗಡಿಗಳಿಗೆ ಮಾಲು ಕೊಂಡೊಯ್ಯುವುದು, ಉಳಿದ ದಿನ ಮೇಜಿನ ಹಿಂದೆ ಕುಳಿತು ಲೆಕ್ಕ ನೋಡುವುದು, ಬ್ಯಾಂಕಿಗೆ ಹೋಗುವುದು ನನ್ನ ಕೆಲಸ. ವಿದೇಶದ ಸಂಖ್ಯೆಯಿಂದ ಹಣ ಕೇಳುವ ಕರೆಗಳು ಸತತವಾಗಿ ಬಂದು, ಅದರ ದೂರು ದಾಖಲಾದ ಮೇಲೆ ನಾನು ಶಸ್ತ್ರ ಪರವಾನಗಿಗೆ ಅರ್ಜಿ ಹಾಕಿದೆ. ಪೊಲೀಸ್ ವಿಚಾರಣೆ, ತರಬೇತಿಯ ಪ್ರಮಾಣಪತ್ರ, ವೈದ್ಯರ ಪ್ರಮಾಣಪತ್ರ ಎಲ್ಲ ಮುಗಿದು ಪರವಾನಗಿ ಕೈಗೆ ಬಂದದ್ದು ಬಹಳ ತಿಂಗಳ ನಂತರ. ಆ ಅಲೆದಾಟದ ಕತೆ ಎಲ್ಲರಿಗೂ ಒಂದೇ ಆದ್ದರಿಂದ ಅದನ್ನು ಬಿಡುತ್ತೇನೆ. ಇನ್‌ಶರ್ಟ್ ಮಾಡಿದ ಅಂಗಿ, ಇಸ್ತ್ರಿ ಮಾಡಿದ ಪ್ಯಾಂಟು ತೊಟ್ಟುಕೊಂಡು, ಈ ಊರಿನ ಸೆಕೆಯಲ್ಲಿ, ಎದುರು ಕುಳಿತವರಿಗೆ ಗೊತ್ತಾಗದ ಹಾಗೆ ರಿವಾಲ್ವರನ್ನು ದಿನವಿಡೀ ಇಟ್ಟುಕೊಳ್ಳುವುದು ಹೇಗೆ ಎಂಬುದನ್ನು ನನಗೆ ಯಾರೂ ಹೇಳಿಕೊಡಲಿಲ್ಲ. ಈ ಬರಹ ಅದರ ಬಗ್ಗೆ.

ಮೊದಲು ಒಂದು ತಪ್ಪು ಕಲ್ಪನೆಯ ಮಾತು. ಲೈಸೆನ್ಸ್ ಇದ್ದವನು ಕೋವಿಯನ್ನು ಎಲ್ಲರಿಗೂ ಕಾಣುವಂತೆ ಸೊಂಟಕ್ಕೆ ಕಟ್ಟಿಕೊಂಡು ಓಡಾಡಬಹುದೆಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ, ನಾನೂ ಹಾಗೆಯೇ ತಿಳಿದಿದ್ದೆ. 2016ರ ಶಸ್ತ್ರಾಸ್ತ್ರ ನಿಯಮಗಳು ಹೇಳುವುದು ಬೇರೆ: ಸಾರ್ವಜನಿಕ ಸ್ಥಳದಲ್ಲಿ ರಿವಾಲ್ವರನ್ನಾಗಲಿ ಪಿಸ್ತೂಲನ್ನಾಗಲಿ ಒಯ್ಯುವವನು ಅದನ್ನು ಮೈಗೆ ಕಟ್ಟಿದ, ಕೋವಿ ಕೂರುವ ಗೂಡಾದ ಹೋಲ್‌ಸ್ಟರ್‌ನಲ್ಲೋ ಬೆನ್ನುಚೀಲದಂಥ ಚೀಲದಲ್ಲೋ ಇಡಬೇಕು, ಅದು ಪೂರ್ತಿಯಾಗಿ ಮುಚ್ಚಿರಬೇಕು, ಮತ್ತು ಸದಾ ಅವನ ಹತೋಟಿಯಲ್ಲಿರಬೇಕು. ಅಂದರೆ ಮುಚ್ಚಿಟ್ಟುಕೊಳ್ಳುವುದು ನನ್ನ ಶೋಕಿಯಲ್ಲ, ಕಾನೂನಿನ ಅಗತ್ಯ. ಬೆನ್ನುಚೀಲದ ದಾರಿಯನ್ನು ನಾನು ಒಂದೇ ವಾರದಲ್ಲಿ ಬಿಟ್ಟೆ. ಚೀಲವನ್ನು ಕುರ್ಚಿಗೆ ನೇತುಹಾಕಿ ಚಹಾಕ್ಕೆ ಎದ್ದುಹೋಗುವ ಅಭ್ಯಾಸ ಇಪ್ಪತ್ತು ವರ್ಷದ್ದು, ಅದು ಒಂದು ವಾರದಲ್ಲಿ ಹೋಗುವಂಥದ್ದಲ್ಲ ಎಂದು ನಾಲ್ಕನೆಯ ದಿನವೇ ಗೊತ್ತಾಯಿತು.

ನನ್ನದು ಕಾನ್ಪುರದ ಸರ್ಕಾರಿ ಕಾರ್ಖಾನೆಯ .32 ಅಳತೆಯ ರಿವಾಲ್ವರ್, ಆರು ಗುಂಡಿನದು, ಬಿಚ್ಚಿದಾಗ ನಡು ಮುರಿದಂತೆ ಬಾಗುವ ಹಳೆಯ ಮಾದರಿ. 9 ಎಂಎಂ ಮೊದಲಾದ ಅಳತೆಯ ಗುಂಡಿನವು ನಮ್ಮಂಥವರಿಗೆ ನಿಷಿದ್ಧವಾದ್ದರಿಂದ ಆಯ್ಕೆ ಬಹಳ ಇರಲಿಲ್ಲ. ಗುಂಡು ತುಂಬಿದ ಮೇಲೆ ಹೆಚ್ಚುಕಡಿಮೆ ಮುಕ್ಕಾಲು ಕಿಲೋ ತೂಗುತ್ತದೆ. ಮುಕ್ಕಾಲು ಕಿಲೋ ಚಿನ್ನವನ್ನು ನಾನು ಎಷ್ಟೋ ಸಲ ಹೊತ್ತಿದ್ದೇನೆ, ಅದು ಭಾರವೆನಿಸಿದ್ದಿಲ್ಲ. ಸೊಂಟದ ಒಂದೇ ಕಡೆಗೆ ತೂಗಿದ ಈ ಭಾರ ಮಾತ್ರ ಮಧ್ಯಾಹ್ನದ ಹೊತ್ತಿಗೆ ಪ್ಯಾಂಟನ್ನು ಒಂದು ಬದಿಗೆ ಎಳೆದು ನಡಿಗೆಯನ್ನೇ ವಾರೆಯಾಗಿಸಿತು.

ಆ ವಾರೆ ಹೋಗಿದ್ದು ಬೆಲ್ಟಿನಿಂದ. ಕಚೇರಿಗೆ ಹಾಕುವ ತೆಳ್ಳಗಿನ, ಹೊಳೆಯುವ ಬೆಲ್ಟು ಈ ಕೆಲಸಕ್ಕೆ ಹುಟ್ಟಿದ್ದಲ್ಲ. ಹೋಲ್‌ಸ್ಟರಿನ ಕ್ಲಿಪ್ಪು ಹಿಡಿದ ಕಡೆ ಅದು ಮಡಚಿಕೊಳ್ಳುತ್ತದೆ, ಹಿಡಿಕೆ ಹೊರಕ್ಕೆ ವಾಲುತ್ತದೆ, ವಾಲಿದ ಹಿಡಿಕೆ ಅಂಗಿಯನ್ನು ಎತ್ತಿ ತೋರಿಸುತ್ತದೆ. ಚಪ್ಪಲಿ ಹೊಲಿಯುವವರೊಬ್ಬರಿಂದ ಎರಡು ಪದರದ ತೊಗಲು ಸೇರಿಸಿ ಒಂದೂವರೆ ಇಂಚು ಅಗಲದ ಬೆಲ್ಟು ಮಾಡಿಸಿದೆ, ಕಪ್ಪು ಬಣ್ಣ, ಸಾಧಾರಣ ಬಕಲು. ನೋಡುವವರಿಗೆ ಅದು ಬರೀ ಬೆಲ್ಟು. ಒಳ್ಳೆಯ ಹೋಲ್‌ಸ್ಟರಿಗಾಗಿ ಖರ್ಚು ಮಾಡಿ ಕೆಟ್ಟ ಬೆಲ್ಟಿಗೆ ಸಿಕ್ಕಿಸುವವರು ಮೊದಲು ಬೆಲ್ಟನ್ನೇ ಬದಲಿಸಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಹೋಲ್‌ಸ್ಟರಿನ ವಿಷಯದಲ್ಲಿ ನಾನು ಎರಡು ಸಲ ಎಡವಿದೆ. ಮೊದಲು ಕೊಂಡದ್ದು ಬೆಲ್ಟಿನ ಹೊರಗೆ ತೂಗುವಂಥದು. ಅದನ್ನು ಮುಚ್ಚಲು ಕೋಟು ಬೇಕು, ಏಪ್ರಿಲ್ ತಿಂಗಳ ಮಂಗಳೂರಿನಲ್ಲಿ ಕೋಟು ಹಾಕಿಕೊಂಡು ಬಂದವನನ್ನು ಮದುಮಗ ಎಂದುಕೊಳ್ಳುತ್ತಾರೆ, ಇಲ್ಲವೇ ಜ್ವರವೇ ಎಂದು ಕೇಳುತ್ತಾರೆ. ಎರಡನೆಯದು ಬಟ್ಟೆಯ ಮೆತ್ತನೆಯ ಚೀಲ. ರಿವಾಲ್ವರ್ ಹೊರಬಂದೊಡನೆ ಅದರ ಬಾಯಿ ಮುಚ್ಚಿಕೊಳ್ಳುತ್ತಿತ್ತು, ಮತ್ತೆ ಒಳಗಿಡಲು ಎರಡೂ ಕೈ ಬೇಕಾಗುತ್ತಿತ್ತು, ಅದಕ್ಕಿಂತ ಮುಖ್ಯವಾಗಿ ಹೊರಗಿನಿಂದ ಏನಾದರೂ ಒತ್ತಿದರೆ ಕುದುರೆಗೆ, ಅಂದರೆ ಗುಂಡು ಹಾರಿಸಲು ಬೆರಳಿನಿಂದ ಎಳೆಯುವ ಟ್ರಿಗರಿಗೆ, ತಗಲುವಷ್ಟು ಅದು ತೆಳ್ಳಗಿತ್ತು. ಕುದುರೆಯ ಭಾಗವನ್ನು ಗಟ್ಟಿಯಾಗಿ, ಪೂರ್ತಿಯಾಗಿ ಮುಚ್ಚದ ಯಾವ ಹೋಲ್‌ಸ್ಟರನ್ನೂ, ಎಷ್ಟೇ ಹಿತವಾಗಿದ್ದರೂ, ಮೈಗೆ ಕಟ್ಟಬಾರದು. ಮೂರನೆಯದಾಗಿ ಸಿಕ್ಕಿದ್ದೇ ಇವತ್ತಿಗೂ ಉಳಿದದ್ದು: ಗಟ್ಟಿ ಪ್ಲಾಸ್ಟಿಕ್ಕಿನದು, ಪ್ಯಾಂಟಿನ ಒಳಗೆ ಕೂರುವಂಥದು. ಅದರ ಕ್ಲಿಪ್ಪಿಗೂ ಗೂಡಿಗೂ ನಡುವೆ ಒಂದು ಸಂದು ಇದೆ. ಅಂಗಿಯನ್ನು ಆ ಸಂದಿನೊಳಗೆ ಇಳಿಸಿ ಇನ್‌ಶರ್ಟ್ ಮಾಡಿದರೆ ರಿವಾಲ್ವರ್ ಅಂಗಿಯ ಒಳಗಾಗುತ್ತದೆ, ಹೊರಗೆ ಬೆಲ್ಟಿನ ಮೇಲೆ ಕಾಣುವುದು ಒಂದು ಬೆರಳಗಲದ ಕಪ್ಪು ಕ್ಲಿಪ್ಪು ಮಾತ್ರ. ಅದನ್ನು ಮೊಬೈಲಿನ ಕ್ಲಿಪ್ಪು ಎಂದುಕೊಳ್ಳುತ್ತಾರೆ.

ಇಡುವ ಜಾಗ ಬಲ ಸೊಂಟದ ಎಲುಬಿನಿಂದ ಸ್ವಲ್ಪ ಹಿಂದೆ. ಹೊಟ್ಟೆಯ ಮುಂದೆ ಇಟ್ಟುಕೊಳ್ಳುವುದು ಚುರುಕು ಎನ್ನುತ್ತಾರೆ, ಆದರೆ ದಿನಕ್ಕೆ ಎಂಟು ಗಂಟೆ ಮೇಜಿಗೆ ಬಾಗಿ ಕೂರುವ, ಊಟದಲ್ಲಿ ಕುಚ್ಚಲಕ್ಕಿ ಅನ್ನ ಬಿಡದ ನನ್ನಂಥವನ ಹೊಟ್ಟೆಗೆ ಅದು ಒಗ್ಗಲಿಲ್ಲ. ರಿವಾಲ್ವರಿನ ಗುಂಡು ತುಂಬುವ, ತಿರುಗುವ ಗಾಲಿ ದಪ್ಪವಾದರೂ ಅದು ಬೆಲ್ಟಿನ ಮಟ್ಟದಲ್ಲಿ ಅಡಗುತ್ತದೆ. ಕಾಣಿಸಿಕೊಳ್ಳುವುದು ಹಿಡಿಕೆಯ ತುದಿ. ಆದ್ದರಿಂದ ಬಿಳಿ, ತಿಳಿನೀಲಿ ಬಣ್ಣದ ತೆಳು ಹತ್ತಿಯ ಅಂಗಿಗಳನ್ನು ಕಪಾಟಿನಲ್ಲೇ ಬಿಟ್ಟೆ. ಬೆವರಿದಾಗ ಅವು ಮೈಗೆ ಅಂಟಿ ಒಳಗಿನದನ್ನೆಲ್ಲ ಅಚ್ಚು ಒತ್ತಿದಂತೆ ತೋರಿಸುತ್ತವೆ. ಗಾಢ ಬಣ್ಣದ, ಚಿಕ್ಕ ಚೌಕಳಿಯ, ಒಂದು ಅಳತೆ ಸಡಿಲವಾದ ಅಂಗಿ, ಒಳಗೆ ಉದ್ದನೆಯ ಬನಿಯನ್ನು, ಇಷ್ಟೇ ನನ್ನ ಸಮವಸ್ತ್ರವಾಯಿತು. ಬನಿಯನ್ನು ಇಲ್ಲದೆ ಕಟ್ಟಿದರೆ ಸಂಜೆಗೆ ಸೊಂಟದ ಚರ್ಮ ಕೆಂಪಾಗಿ ಉರಿಯುತ್ತದೆ.

ಪ್ಯಾಂಟನ್ನು ಸೊಂಟದಲ್ಲಿ ಒಂದೂವರೆ ಇಂಚು ಹೆಚ್ಚಿಗೆ ಇಟ್ಟು ಹೊಲಿಸಬೇಕು, ಬೆಲ್ಟಿನ ಪಟ್ಟಿಗಳನ್ನು ಅಗಲ ಮಾಡಿಸಿ ಬಲಬದಿಗೆ ಇನ್ನೊಂದು ಪಟ್ಟಿ ಹಾಕಿಸಬೇಕು. ಇದನ್ನು ಹಂಪನಕಟ್ಟೆಯ ನನ್ನ ಹಳೆಯ ದರ್ಜಿಯ ಬಳಿ ಹೇಳಿದಾಗ ಅವರು ಟೇಪನ್ನು ಕೊರಳಿಗೆ ಹಾಕಿಕೊಂಡು ನನ್ನನ್ನು ಒಂದು ಕ್ಷಣ ನೋಡಿ, ದನಿ ತಗ್ಗಿಸಿ, "ಹರ್ನಿಯಾದ ಬೆಲ್ಟು ಉಂಟಾ?" ಎಂದು ಕೇಳಿದರು. ನಾನು ಹೌದೆಂದೂ ಅನ್ನಲಿಲ್ಲ, ಅಲ್ಲವೆಂದೂ ಅನ್ನಲಿಲ್ಲ. ಅವರು ಬಹಳ ಅಚ್ಚುಕಟ್ಟಾಗಿ ಹೊಲಿದುಕೊಟ್ಟರು.

ಬಟ್ಟೆ ಸರಿಯಾದ ಮೇಲೆ ಉಳಿದದ್ದು ಕೈ. ಮೊದಲ ಎರಡು ತಿಂಗಳು ನನ್ನ ಬಲ ಮೊಣಕೈ ಗೊತ್ತಿಲ್ಲದೆಯೇ ಸೊಂಟವನ್ನು ಒತ್ತಿ ನೋಡುತ್ತಿತ್ತು, ಕುರ್ಚಿಯಿಂದ ಎದ್ದಾಗಲೆಲ್ಲ ಅಂಗೈ ಅಲ್ಲಿಗೆ ಹೋಗುತ್ತಿತ್ತು. "ಎಂಥ ಮಾರಾಯ್ರೆ, ಸೊಂಟನೋವಾ?" ಎಂದು ನಮ್ಮ ಲೆಕ್ಕದ ಹುಡುಗ ಕೇಳಿದ ದಿನ, ಅಂಗಿಯ ಬಣ್ಣ, ಹೋಲ್‌ಸ್ಟರಿನ ಸಂದು ಎಲ್ಲ ಮಾಡಿದ್ದನ್ನು ನನ್ನ ಕೈಯೇ ಬಿಚ್ಚಿಡುತ್ತಿದೆ ಎಂದು ಅರಿವಾಯಿತು. ಇದಕ್ಕೆ ಮನೆಯಲ್ಲೇ ಅಭ್ಯಾಸ ಮಾಡಿದೆ. ಗುಂಡು ತೆಗೆದು, ಎರಡು ಬಾರಿ ನೋಡಿ ಖಚಿತ ಮಾಡಿಕೊಂಡು, ಗುಂಡುಗಳನ್ನು ಬೇರೆ ಕೋಣೆಯಲ್ಲಿಟ್ಟು, ಖಾಲಿ ರಿವಾಲ್ವರನ್ನು ಕಟ್ಟಿಕೊಂಡು ರಜೆಯ ದಿನಗಳಲ್ಲಿ ಕಂಪ್ಯೂಟರಿನ ಮುಂದೆ ಕೂತು, ಎದ್ದು, ಅಟ್ಟದ ಮೇಲಿನ ಕಡತ ತೆಗೆದು, ಬಿದ್ದ ಪೆನ್ನು ಎತ್ತಿದೆ. ಪೆನ್ನು ಎತ್ತಲು ಸೊಂಟ ಬಗ್ಗಿಸಬಾರದು, ಮೊಣಕಾಲು ಮಡಚಿ ಕುಕ್ಕರುಗಾಲಿನಲ್ಲಿ ಕೂರಬೇಕು. ಮೇಲಿನದನ್ನು ಎಡಗೈಯಲ್ಲಿ ತೆಗೆಯಬೇಕು. ಕೈಯಾಸರೆಯ ಕುರ್ಚಿಗೆ ಹಿಡಿಕೆ ಬಡಿದು ಟಕ್ಕೆಂದು ಸದ್ದಾಗುವುದರಿಂದ ಕೈಯಾಸರೆ ಇಲ್ಲದ ಕುರ್ಚಿ ಹಾಕಿಸಬೇಕು. ಈ ಮೂರೂ ಆ ಅಭ್ಯಾಸದಲ್ಲಿ ತಿಳಿದವು. ಶೌಚಾಲಯದ ವಿಷಯ ಹೇಳಲು ಮುಜುಗರವಾದರೂ ಹೇಳಲೇಬೇಕು, ಏಕೆಂದರೆ ಮರೆತುಬಿಟ್ಟುಬರುವುದು, ಕೆಳಗೆ ಬೀಳಿಸುವುದು ಆಗುವುದೇ ಅಲ್ಲಿ: ರಿವಾಲ್ವರನ್ನು ಹೋಲ್‌ಸ್ಟರಿನಿಂದ ಹೊರತೆಗೆಯಬಾರದು, ಎಲ್ಲಿಯೂ ಇಡಬಾರದು, ಬೆಲ್ಟಿನ ಬಕಲು ಹಾಕಿದಂತೆಯೇ ಪ್ಯಾಂಟನ್ನು ಮೊಣಕಾಲಿನ ಮಟ್ಟದಲ್ಲಿ ಹಿಡಿದಿರಬೇಕು.

ಇನ್ನು ತುಕ್ಕು. ಬಯಲುಸೀಮೆಯ ಪರಿಚಿತರೊಬ್ಬರು ತಮ್ಮ ರಿವಾಲ್ವರಿಗೆ ತಿಂಗಳಿಗೊಮ್ಮೆ ಎಣ್ಣೆ ಹಚ್ಚುತ್ತಾರೆ. ಅವರ ಮಾತು ನಂಬಿ ನಾನೂ ಹಾಗೆಯೇ ಮಾಡಿದೆ, ಮೂರನೆಯ ವಾರದಲ್ಲಿ ಮೈಗೆ ತಾಗುವ ಬದಿಯಲ್ಲಿ ಕೆಂಪು ಚುಕ್ಕಿಗಳು ಎದ್ದಿದ್ದವು. ಕಡಲ ಗಾಳಿಯ ತೇವ ಒಂದು ಕಡೆ, ಬೆವರಿನ ಉಪ್ಪು ಇನ್ನೊಂದು ಕಡೆ. ಕಪ್ಪು ಲೇಪದ ಉಕ್ಕು ಇವೆರಡನ್ನೂ ಒಟ್ಟಿಗೆ ತಾಳದು. ಈಗ ಪ್ರತಿ ಸಂಜೆ ಮನೆಗೆ ಬಂದು ಕೈಕಾಲು ತೊಳೆಯುವ ಮೊದಲೇ ಗುಂಡು ಇಳಿಸಿ, ಒಣಬಟ್ಟೆಯಲ್ಲಿ ಒರೆಸಿ, ಎಣ್ಣೆಯ ಪಸೆಯಿರುವ ಇನ್ನೊಂದು ಬಟ್ಟೆಯನ್ನು ಆಡಿಸುತ್ತೇನೆ, ಐದು ನಿಮಿಷದ ಕೆಲಸ. ಎಣ್ಣೆ ಹೆಚ್ಚಾದರೆ ಅಂಗಿಗೆ ಕಲೆ ಬೀಳುತ್ತದೆ, ಗುಂಡಿನೊಳಕ್ಕೂ ಇಳಿಯಬಹುದು. ತೊಗಲಿನ ಹೋಲ್‌ಸ್ಟರಿಗೆ ಮಳೆಗಾಲದ ಆಟಿ ತಿಂಗಳಲ್ಲಿ ಬೂಷ್ಟು ಹಿಡಿಯುತ್ತದೆ, ಅದರೊಳಗೆ ರಿವಾಲ್ವರ್ ಇಟ್ಟು ಮಲಗಿಸುವುದು ತುಕ್ಕಿಗೆ ಹಾಸಿಗೆ ಹಾಸಿದಂತೆ. ಕಪಾಟಿನ ಒಳಗಿನ ಬೀಗದ ಪೆಟ್ಟಿಗೆಯಲ್ಲಿ, ತೇವ ಹೀರುವ ಸಿಲಿಕಾ ಪೊಟ್ಟಣಗಳ ಜತೆ ಅದನ್ನು ಇಡುತ್ತೇನೆ. ಗುಂಡುಗಳಿಗೆ ಬೇರೆ ಪೆಟ್ಟಿಗೆ, ಎರಡೂ ಕೀಲಿ ನನ್ನ ಬಳಿ. ಮನೆಯಲ್ಲಿ ಮಕ್ಕಳಿದ್ದಾರೆ, ಅದರಲ್ಲಿ ರಾಜಿಯಿಲ್ಲ.

ಒಯ್ಯುವುದಕ್ಕಿಂತ ಒಯ್ಯದಿರುವುದಕ್ಕೆ ಹೆಚ್ಚು ಯೋಜನೆ ಬೇಕೆಂಬುದು ನನಗೆ ತಡವಾಗಿ ತಿಳಿಯಿತು. ಜಾತ್ರೆ, ಮೆರವಣಿಗೆ, ಸಾರ್ವಜನಿಕ ಸಭೆ, ಶಿಕ್ಷಣ ಸಂಸ್ಥೆಯ ಆವರಣ, ಇವುಗಳಿಗೆ ವಿಶೇಷ ಅನುಮತಿಯಿಲ್ಲದೆ ಶಸ್ತ್ರವನ್ನು ಕೊಂಡುಹೋಗುವಂತಿಲ್ಲ. ನಮ್ಮ ಕಚೇರಿಯಿರುವುದೇ ರಥಬೀದಿಯ ಬದಿಯಲ್ಲಿ. ರಥಸಪ್ತಮಿಗೆ ಕೊಡಿಯಾಲ್ ತೇರು ಎಳೆಯುವಾಗ ಬಾಗಿಲಾಚೆ ಜನಸಾಗರವಿರುತ್ತದೆ, ಆ ದಿನಗಳಲ್ಲಿ ರಿವಾಲ್ವರ್ ಮನೆಯ ಪೆಟ್ಟಿಗೆಯಲ್ಲೇ. ಮಣಿಪಾಲದಲ್ಲಿ ಗಿರಾಕಿಗಳಿದ್ದಾರೆ, ಅಲ್ಲಿ ಯಾವ ರಸ್ತೆ ಕಾಲೇಜಿನದು, ಯಾವುದು ಊರಿನದು ಎಂದು ಗೆರೆ ಎಳೆಯುವುದು ಕಷ್ಟ, ಹಾಗಾಗಿ ಆ ದಿನವೂ ಇಲ್ಲ. ಉಡುಪಿಗೆ ಹೋದವನು ಮಠಕ್ಕೆ ಹೋಗದೆ ಬರುವುದಿಲ್ಲ, ಅಲ್ಲಿ ಅಂಗಿ ತೆಗೆದು ದರ್ಶನಕ್ಕೆ ನಿಲ್ಲಬೇಕು, ಆಮೇಲೆ ಹೇಳುವುದೇನಿದೆ! ನನ್ನ ಪರವಾನಗಿ ಕರ್ನಾಟಕದೊಳಗೆ ಮಾತ್ರ ಚಲಾವಣೆಯದು. ತಲಪಾಡಿ ದಾಟಿದರೆ ಕೇರಳ, ಮಂಜೇಶ್ವರದ ಸಂಬಂಧಿಕರ ಮನೆಯ ಮದುವೆಗೂ ಅದು ಬರುವಂತಿಲ್ಲ. ತಪಾಸಣೆಯಿರುವ ಕಚೇರಿಗಳಿಗೆ, ನ್ಯಾಯಾಲಯಕ್ಕೆ ಹೋಗುವ ದಿನ ಅದನ್ನು ಮುಟ್ಟುವುದೇ ಇಲ್ಲ. ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಬಿಟ್ಟು ಒಳಗೆ ಹೋಗುವವರನ್ನು ನೋಡಿದ್ದೇನೆ, ಕಳ್ಳನ ಕೈಗೆ ಕೋವಿ ಕೊಡುವುದಕ್ಕೆ ಇದಕ್ಕಿಂತ ಸುಲಭದ ದಾರಿಯಿಲ್ಲ. ಹೊಯ್ದಾಟವಿರಬಾರದೆಂದು ಹಿಂದಿನ ರಾತ್ರಿಯೇ ಮರುದಿನದ ಓಡಾಟ ಬರೆದುಕೊಂಡು, ಎಲ್ಲಿಯಾದರೂ ಒಂದು ಕಡೆ ನಿಷಿದ್ಧವಿದ್ದರೆ ಇಡೀ ದಿನ ಒಯ್ಯದಿರುವುದನ್ನು ರೂಢಿ ಮಾಡಿಕೊಂಡಿದ್ದೇನೆ. ಮದುವೆಮನೆಯಲ್ಲಿ ಸಂಜೆ ಗ್ಲಾಸು ಮುಟ್ಟುವ ಸಾಧ್ಯತೆಯಿದ್ದರೂ ಅಷ್ಟೇ. ಒಯ್ಯುವ ದಿನ ಪರವಾನಗಿಯ ಪುಸ್ತಕ ಜತೆಗಿರುತ್ತದೆ. ಪೊಲೀಸರು ಕೇಳಿದರೆ ತೋರಿಸಲೇಬೇಕು. ಒಮ್ಮೆ ಹೆದ್ದಾರಿ 66ರಲ್ಲಿ ವಾಹನ ತಪಾಸಣೆಗೆ ನಿಲ್ಲಿಸಿದಾಗ ನಾನು ಎರಡೂ ಕೈಗಳನ್ನು ಸ್ಟೀರಿಂಗಿನ ಮೇಲಿಟ್ಟು, ಮೊದಲು ಬಾಯಲ್ಲಿ ಹೇಳಿ, ಅವರು ಸರಿ ಎಂದ ಮೇಲೆ ಪುಸ್ತಕ ತೆಗೆದುಕೊಟ್ಟೆ. ಎರಡು ನಿಮಿಷದಲ್ಲಿ ಕಳಿಸಿದರು.

ಚುನಾವಣೆ ಬಂತೆಂದರೆ ಎಲ್ಲ ಬದಲಾಗುತ್ತದೆ. 2024ರ ಲೋಕಸಭಾ ಚುನಾವಣೆಗೆ ಮಾರ್ಚ್ 16ರಂದು ನೀತಿಸಂಹಿತೆ ಜಾರಿಯಾದ ಮೇಲೆ ನಾನು ರಿವಾಲ್ವರನ್ನು ಠಾಣೆಯಲ್ಲಿ ಠೇವಣಿ ಇಟ್ಟೆ. ಆ ಸಾಲಿನಲ್ಲಿ ನನ್ನ ಮುಂದೆ ನಿಂತಿದ್ದವರು ಬೆಳೆ ರಕ್ಷಣೆಯ ಕೋವಿ ಹಿಡಿದ ಕೃಷಿಕರು. "ಹಂದಿ, ಮಂಗನಿಗೆ ನೀತಿಸಂಹಿತೆ ಗೊತ್ತುಂಟಾ?" ಎಂದು ಅವರಲ್ಲೊಬ್ಬರು ಗೊಣಗಿದ್ದು ನ್ಯಾಯವೇ. ಜೂನ್ ತಿಂಗಳಲ್ಲಿ, ಮಳೆ ಹಿಡಿದ ಮೇಲೆ, ಹಿಂದಕ್ಕೆ ತಂದಾಗ ಎಣ್ಣೆಯನ್ನು ದಪ್ಪವಾಗಿ ಬಳಿದು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಕೊಟ್ಟಿದ್ದರಿಂದ ನನ್ನದಕ್ಕೆ ಏನೂ ಆಗಿರಲಿಲ್ಲ. ಆದರೆ ಆ ಸುಮಾರು ಮೂರು ತಿಂಗಳಲ್ಲಿ, ಸೊಂಟದಲ್ಲಿ ಏನೂ ಇಲ್ಲದಿದ್ದಾಗಲೂ, ನಾನು ಪೆನ್ನಿಗೆ ಮೊಣಕಾಲು ಮಡಚಿ ಕೂರುತ್ತಿದ್ದೆ, ಕಡತಕ್ಕೆ ಎಡಗೈ ಚಾಚುತ್ತಿದ್ದೆ. ಬಲಗೈ ಮಾತ್ರ ಸೊಂಟದ ಕಡೆ ಹೋಗುವುದನ್ನು ಮರೆತಿತ್ತು.

ಕಳೆದ ತಿಂಗಳು ಹೊಸ ಪ್ಯಾಂಟುಗಳಿಗೆ ಅಳತೆ ಕೊಡಲು ಹೋಗಿದ್ದೆ. ಸೊಂಟದ ಒಂದೂವರೆ ಇಂಚನ್ನು ದರ್ಜಿಯವರು ಕೇಳದೆಯೇ ಬರೆದುಕೊಂಡು, ಚೀಟಿ ಹರಿದುಕೊಡುವಾಗ ಅದೇ ತಗ್ಗಿದ ದನಿಯಲ್ಲಿ ಹೇಳಿದರು: "ಎಷ್ಟು ವರ್ಷ ಅಂತ ಹೀಗೇ ಬೆಲ್ಟು ಕಟ್ಟಿಕೊಂಡು ಇರ್ತೀರಿ ಮಾರಾಯ್ರೆ? ಆಪರೇಷನ್ ಮಾಡಿಸಿ. ಈಗೆಲ್ಲ ಮಾರನೇ ದಿನವೇ ಮನೆಗೆ ಕಳಿಸ್ತಾರೆ."