ಹೆಂಚಿನ ಮೇಲಿನ 1865

ಕೊಡಗಿನ ಸಿದ್ದಾಪುರದ ಕಡೆ ಕಾಫಿ ತೋಟವೊಂದರ ಅಂಚಿನಲ್ಲಿರುವ ಪುಟ್ಟ ಚಾಪೆಲ್‌ಗೆ ಎಷ್ಟು ವಯಸ್ಸು ಎಂದು ಅಲ್ಲಿ ಯಾರನ್ನು ಕೇಳಿದರೂ ಒಂದೇ ಉತ್ತರ: 1865. ಹೆಂಚಿನಲ್ಲೇ ಅಚ್ಚಾಗಿದೆಯಲ್ಲ, ಇನ್ನೇನು ಸಾಕ್ಷಿ ಬೇಕು ಎನ್ನುತ್ತಾರೆ. ಹೊಸ ಕಮಾನಿನ ಗ್ರಾನೈಟ್ ಮೇಲೆ ಆ ಇಸವಿಯನ್ನು ಕೆತ್ತಿಸುವ ಮಾತೂ ನಡೆದಿತ್ತು. ಕಟ್ಟಡದ ಅಳತೆ ತೆಗೆದು ನಕ್ಷೆ ಮಾಡಿ, ಹಾಗೆಯೇ ನಾಲ್ಕು ಪುಟ ಚರಿತ್ರೆಯನ್ನೂ ಬರೆದುಕೊಡಿ ಎಂದು ನನ್ನನ್ನು ಕರೆದದ್ದು ಆ ಹೊತ್ತಿನಲ್ಲಿ.

ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಆಮೇಲೆ ತಯಾರಾದ ಹೆಂಚುಗಳ ಮೇಲೂ ಅದೇ ವರ್ಷವನ್ನು ಒತ್ತುತ್ತಿದ್ದರು. ಅದು ಕಾರ್ಖಾನೆಯ ಹುಟ್ಟಿದ ವರ್ಷ, ಚಾವಣಿಯದ್ದಲ್ಲ. ಕರಾವಳಿಯಿಂದ ಘಟ್ಟದವರೆಗೆ ಎಷ್ಟೋ ಬಂಗಲೆಗಳು, ಗೋದಾಮುಗಳು ಹೀಗೆ ಹೆಂಚಿನ ವಯಸ್ಸನ್ನೇ ತಮ್ಮದೆಂದು ಹೇಳಿಕೊಂಡು ನಿಂತಿವೆ.

ಏಣಿ ಹಾಕಿ ಮಾಡು ಹತ್ತಿದಾಗ ದಕ್ಷಿಣದ ಇಳಿಜಾರಿನಲ್ಲಿ ಬೇರೆ ಮುದ್ರೆಯ ಹೆಂಚುಗಳು ಸಿಕ್ಕವು: ಕಾಮನ್‌ವೆಲ್ತ್. ಮೊದಲ ಮಹಾಯುದ್ಧದ ನಂತರ ಬಾಸೆಲ್ ಮಿಷನ್ನಿನ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಕೈಗೆ ಹೋದವು. ಹಾಗಾದರೆ ನೈಋತ್ಯದ ಮಳೆ ನೇರವಾಗಿ ಹೊಡೆಯುವ ಬದಿಯನ್ನು ಆಮೇಲೆ ರಿಪೇರಿ ಮಾಡಿದ್ದಾರೆ, ಉತ್ತರದ ಬದಿ ಮೊದಲಿನದೇ ಉಳಿದಿದೆ. ಒಳಗಿನಿಂದ ನೋಡಿದಾಗಲೂ ಇದಕ್ಕೆ ಬೆಂಬಲ ಸಿಕ್ಕಿತು. ಉತ್ತರದ ಪಕಾಸುಗಳ ಕೀಲಿನಲ್ಲಿ ಆಚಾರಿ ಉಳಿಯಿಂದ ಕೊರೆದ ಜೋಡಣೆಯ ಗೆರೆಗಳಿವೆ; ದಕ್ಷಿಣದಲ್ಲಿ ಕೊರೆತವಿಲ್ಲ, ಬರೀ ಮೊಳೆ.

ಅಳತೆಗೆ ನಾನು ಆರಿಸಿಕೊಂಡದ್ದು ಭಾನುವಾರಗಳನ್ನು. ಜನವರಿ, ಫೆಬ್ರವರಿ ಕಾಫಿ ಕೊಯ್ಲಿನ ಕಾಲ, ಬೇರೆ ದಿನ ಟೇಪಿನ ಇನ್ನೊಂದು ತುದಿ ಹಿಡಿಯುವುದಕ್ಕೂ ಜನ ಸಿಗುವುದಿಲ್ಲ. ಬೆಳಗಿನ ಬಲಿಪೂಜೆ ಮುಗಿದ ಮೇಲೆ ಶುರುಮಾಡಿ, ಸಂಜೆ ಐದರೊಳಗೆ ಜಾಗ ಖಾಲಿ ಮಾಡಬೇಕು. ಆನೆಗಳು ತೋಟ ದಾಟುವ ದಾರಿ ಅದು. ಇಂಥ ಕಟ್ಟಡದಲ್ಲಿ ಉದ್ದ ಅಗಲಕ್ಕಿಂತ ಮೊದಲು ಮೂಲೆಯಿಂದ ಮೂಲೆಗೆ ಕರ್ಣ ಅಳೆಯಬೇಕು. ಗೋಡೆಗಳು ಚೌಕವಾಗಿವೆ ಎಂದು ನಂಬಿ ಹೊರಟರೆ ನಕ್ಷೆಯಲ್ಲಿ ಕೊನೆಯ ಮೂಲೆ ಕೂಡುವುದೇ ಇಲ್ಲ.

ಮುಂಭಾಗ ನೋಡಿದವರೆಲ್ಲ ಗಾಥಿಕ್ ಎನ್ನುತ್ತಾರೆ. ಕಿಟಕಿಗಳ ಮೇಲೆ ಚೂಪಾದ ಕಮಾನುಗಳೇನೋ ಇವೆ. ಬೆರಳ ಗೆಣ್ಣಿನಿಂದ ಕುಟ್ಟಿದರೆ ಟೊಳ್ಳು ಸದ್ದು ಬರುತ್ತದೆ. ಗಾರೆ ಉದುರಿದ ಕಡೆ ಇಣುಕಿದರೆ ಒಳಗೆ ಅಡ್ಡಲಾಗಿ ಮಲಗಿಸಿದ ಮರದ ತೊಲೆ. ಭಾರ ಹೊರುವುದು ಅದು. ಕಮಾನು ಬರೀ ಗಾರೆಯ ಅಲಂಕಾರ. ವಿರಾಜಪೇಟೆಯ ಸಂತ ಅನ್ನಮ್ಮ ಚರ್ಚಿನ ಗಾಥಿಕ್ ರೂಪವನ್ನು ಕಣ್ಣಲ್ಲಿ ತುಂಬಿಕೊಂಡು ಬಂದ ಮೇಸ್ತ್ರಿ ಕೈಯಲ್ಲಿದ್ದ ಮಣ್ಣು, ಸುಣ್ಣದಲ್ಲೇ ಅದನ್ನು ಮಾಡಿದ ಎಂದು ನನ್ನ ಊಹೆ. ನಕಲಿ ಎಂದು ಮೂಗು ಮುರಿಯುವವರ ಜೊತೆ ನಾನು ಸೇರುವುದಿಲ್ಲ.

ನೆಲವೂ ಒಂದು ದಾಖಲೆಯೇ. ಈಗಿನ ಬಲಿಪೀಠ ಗೋಡೆಯಿಂದ ಮುಂದೆ ಬಂದಿದೆ. ಅದರ ಹಿಂದೆ ಕೆಂಪು ರೆಡ್ ಆಕ್ಸೈಡ್ ನೆಲದ ನಡುವೆ ಆಯತಾಕಾರದ ಸಿಮೆಂಟಿನ ತೇಪೆ ಕಾಣುತ್ತದೆ, ಹಳೆಯ ಪೀಠದ ಮೆಟ್ಟಿಲುಗಳಿದ್ದ ಜಾಗ. 1962ರಿಂದ 1965ರವರೆಗೆ ನಡೆದ ಎರಡನೇ ವ್ಯಾಟಿಕನ್ ಮಹಾಸಭೆಯ ನಂತರ ಗುರುಗಳು ಜನರತ್ತ ಮುಖ ಮಾಡಿ ಪೂಜೆ ಅರ್ಪಿಸತೊಡಗಿದರು. ಪೀಠವನ್ನು ಹೆಚ್ಚಿನ ಕಡೆ ಹೀಗೆ ಗೋಡೆಯಿಂದ ಬಿಡಿಸಿದರು. ಹಳೆಯ ಪೀಠದ ಕೆತ್ತನೆಯ ಹಲಗೆಯೊಂದು ಪಕ್ಕದ ಕೋಣೆಯಲ್ಲಿ ಮೇಣದಬತ್ತಿ ಇಡುವ ಕಪಾಟಾಗಿದೆ.

ಕಾಗದಪತ್ರ ನೋಡಿದ್ದು ಇಷ್ಟೆಲ್ಲ ಆದ ಮೇಲೆ. ಪುಟ್ಟ ಚಾಪೆಲ್‌ಗೆ ಸ್ವಂತ ದಫ್ತರ ಇರಲಿಲ್ಲ, ಎಲ್ಲವೂ ಮಾತೃ ಚರ್ಚಿನಲ್ಲಿ. ಕೊಡಗಿನ ಕಥೋಲಿಕರ ಕಥೆ ಹಿಂದಿನದು: 1784ರಲ್ಲಿ ಟಿಪ್ಪು ಕರಾವಳಿಯ ಕ್ರೈಸ್ತರನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದಾಗ ತಪ್ಪಿಸಿಕೊಂಡವರಲ್ಲಿ ಕೆಲವರಿಗೆ ಕೊಡಗಿನ ಅರಸ ದೊಡ್ಡವೀರರಾಜೇಂದ್ರ ಆಸರೆ ಕೊಟ್ಟ, 1792ರಲ್ಲಿ ವಿರಾಜಪೇಟೆ ಕಟ್ಟಿಸಿದಾಗ ಅವರಿಗೆ ಚರ್ಚಿಗೂ ಅನುವು ಮಾಡಿಕೊಟ್ಟ. ತೋಟದ ಚಾಪೆಲ್‌ಗಳು ಕಾಫಿಯ ಜೊತೆ ಬಂದವು; ಯುರೋಪಿಯನ್ ತೋಟಗಳು ಇಲ್ಲಿ ಶುರುವಾದದ್ದೇ 1854ರಲ್ಲಿ. ದಫ್ತರದ ಲ್ಯಾಟಿನ್ ನಮೂದುಗಳು ಒಂದೇ ಅಚ್ಚಿನವು, ನಾಲ್ಕು ಕಲಿತರೆ ನಾನೂರು ಓದಬಹುದು. ಆ ತೋಟದ ಹೆಸರು ದೀಕ್ಷಾಸ್ನಾನದ ಪುಟಗಳಲ್ಲಿ ಬೇಗನೆ ಸಿಗುತ್ತದೆ. ಆದರೆ ಮದುವೆ 'ತೋಟದ ಚಾಪೆಲ್‌ನಲ್ಲಿ' ಆಯಿತೆಂಬ ಮೊದಲ ನಮೂದು ಬರುವುದು ಮೊದಲ ಮಹಾಯುದ್ಧಕ್ಕೆ ಕೆಲವೇ ವರ್ಷ ಮುಂಚೆ. ಉತ್ತರದ ಬಾಸೆಲ್ ಹೆಂಚಿಗೂ ಇದಕ್ಕೂ ತಾಳೆಯಾಗುತ್ತದೆ.

ಸಭೆಯಲ್ಲಿ ಇದನ್ನು ಹೇಳಿದಾಗ ಹಿರಿಯರೊಬ್ಬರು, "ಐವತ್ತು ವರ್ಷ ಕಡಿಮೆ ಮಾಡಿಬಿಟ್ಟಿರಲ್ಲ ಸಾರ್" ಎಂದರು. ಕೋಪ ಇತ್ತು, ನ್ಯಾಯವಾದದ್ದೇ. ಹೊಸ ಕಮಾನಿನ ಮೇಲೆ ಸದ್ಯಕ್ಕೆ ಹೆಸರು ಮಾತ್ರ ಇದೆ.

ನನಗೆ ಇಸವಿಗಿಂತ ಹೆಚ್ಚಿನ ಚಿಂತೆ ದಕ್ಷಿಣದ ಗೋಡೆಯದ್ದು. ಮಣ್ಣು, ಸುಣ್ಣದ ಗೋಡೆ ಮಳೆಗಾಲದಲ್ಲಿ ಹೀರಿದ ನೀರನ್ನು ಬೇಸಿಗೆಯಲ್ಲಿ ಬಿಡುತ್ತದೆ. ಯಾರೋ ಅದರ ಮೇಲೆ ಸಿಮೆಂಟ್ ಬಳಿದಿದ್ದರು. ತೇವ ಹೊರಗೆ ಬರಲಾರದೆ ಮೂರಡಿ ಎತ್ತರದವರೆಗೆ ಗಾರೆ ಉಬ್ಬಿತ್ತು, ಬಣ್ಣ ಹಪ್ಪಳದಂತೆ ಎದ್ದಿತ್ತು. ಸಿಮೆಂಟ್ ಕೆತ್ತಿಸಿ, ಗೋಡೆಯನ್ನು ಒಂದು ಬೇಸಿಗೆ ಬರಿಮೈಯಲ್ಲಿ ಒಣಗಲು ಬಿಟ್ಟು, ಆಮೇಲೆ ಸುಣ್ಣದ ಗಾರೆ ಹಚ್ಚಿಸಿದೆವು. ಸೂರಿನ ನೀರು ಬುಡಕ್ಕೆ ಬೀಳದಂತೆ ಚರಂಡಿಯನ್ನೂ ದೂರ ಸರಿಸಿದ್ದಾಯಿತು. ಉತ್ತರದ ಗೋಡೆಗೂ ಅದೇ ಕೆಲಸ ಆಗಬೇಕು. ಕಾಫಿ ಮಾರಿದ ಹಣ ಬಂದ ಮೇಲೆ ಕೈ ಹಾಕುತ್ತಾರಂತೆ.