97 ಡಿಗ್ರಿಗೇ ಕುದಿದ ನೀರು

ನಾನು ಬೆಂಗಳೂರಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಒಂಬತ್ತನೇ ತರಗತಿಯವರಿಗೆ ನೀರು ಕುದಿಸಿ ಉಷ್ಣತೆ ಬರೆದುಕೊಳ್ಳುವ ಪ್ರಯೋಗ ಮಾಡಿಸುತ್ತೇನೆ. ಒಂದು ವರ್ಷ ರೆಕಾರ್ಡ್ ಪುಸ್ತಕ ತಿದ್ದುತ್ತಿದ್ದೆ. ಒಬ್ಬ ಹುಡುಗಿ 97 ಅಂತ ಬರೆದು, ರಬ್ಬರಿನಿಂದ ಉಜ್ಜಿ, ಅದರ ಮೇಲೆ 100 ಬರೆದಿದ್ದಳು. ಉಳಿದವರದ್ದೂ ತೆಗೆದು ನೋಡಿದೆ. ಎಲ್ಲರದ್ದೂ ನೂರೇ! ಕೇಳಿದರೆ, "ಥರ್ಮಾಮೀಟರ್ ಸರಿ ಇಲ್ಲ ಮಿಸ್. ಬುಕ್ಕಲ್ಲಿ 100 ಅಂತ ಇದೆ ಅಲ್ವಾ?" ಅಂದರು. ಹಿಂದಿನ ವರ್ಷಗಳಲ್ಲಿ ಇಂಥ ನೂರಕ್ಕೆಲ್ಲ ನಾನೇ ರೈಟ್ ಹಾಕಿದ್ದೆ. ಅದು ಈಗಲೂ ಮನಸ್ಸಿಗೆ ಚುಚ್ಚುತ್ತದೆ.

ಮೊದಲು ಥರ್ಮಾಮೀಟರನ್ನೇ ಪರೀಕ್ಷೆ ಮಾಡಿದೆ. ಕರಗುತ್ತಿದ್ದ ಐಸಿನಲ್ಲಿ ಇಟ್ಟರೆ ಸೊನ್ನೆಗೆ ಬಂದು ನಿಂತಿತು. ಆಮೇಲೆ ಅದರ ಬುರುಡೆ ಬೀಕರಿನ ತಳಕ್ಕೆ ತಾಗದ ಹಾಗೆ ದಾರ ಕಟ್ಟಿ ಇಳಿಬಿಟ್ಟು ನೀರು ಕುದಿಸಿದೆ. 97. ಹತ್ತು ನಿಮಿಷ ಕುದಿಸಿದರೂ 97.

ಬೇಸಿಗೆ ರಜೆಗೆ ಮಂಗಳೂರಿನ ತವರಿಗೆ ಹೋಗುವಾಗ ಅದನ್ನೇ ಬಟ್ಟೆಯಲ್ಲಿ ಸುತ್ತಿ ಒಯ್ದೆ. ಅಮ್ಮನ ಅಡುಗೆಮನೆಯಲ್ಲಿ 100 ತೋರಿಸಿತು. ವಾಪಸ್ ಬರುವಾಗ ಮಡಿಕೇರಿಯಲ್ಲಿ ಗೆಳತಿಯ ಮನೆಯಲ್ಲಿ ಉಳಿದುಕೊಂಡೆ. ಅಲ್ಲಿ 96.

ಮಂಗಳೂರು ಸಮುದ್ರದ ಪಕ್ಕ ಇದೆ. ಬೆಂಗಳೂರು ಸುಮಾರು 920 ಮೀಟರ್ ಎತ್ತರದಲ್ಲಿದೆ, ಮಡಿಕೇರಿ 1,100 ಮೀಟರಿಗೂ ಜಾಸ್ತಿ. ಮೇಲೆ ಹೋದಷ್ಟೂ ನಮ್ಮ ತಲೆ ಮೇಲಿರುವ ಗಾಳಿ ಕಡಿಮೆ, ಅದರ ಒತ್ತಡವೂ ಕಡಿಮೆ. ಸುಮಾರು 300 ಮೀಟರ್ ಏರಿದರೆ ಕುದಿಯುವ ಬಿಂದು ಒಂದು ಡಿಗ್ರಿ ಇಳಿಯುತ್ತದೆ.

ಗಾಳಿಗೂ ಕುದಿಯುವುದಕ್ಕೂ ಏನು ಸಂಬಂಧ ಅಂತ ಮಕ್ಕಳು ಕೇಳೇ ಕೇಳುತ್ತಾರೆ. ಅದಕ್ಕೆ ನಾನು ಬೀಕರಿನ ಮುಂದೆ ಅವರನ್ನು ಕೂರಿಸಿ, ಸುಮ್ನೆ ನೋಡಿ, ಕೇಳಿಸಿಕೊಳ್ಳಿ ಅನ್ನುತ್ತೇನೆ. ಮೊದಲು ಗಾಜಿಗೆ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಅಂಟಿಕೊಳ್ಳುತ್ತವೆ. ಅದು ನೀರಿನಲ್ಲಿ ಕರಗಿದ್ದ ಗಾಳಿ, ಆವಿ ಅಲ್ಲ. ಸ್ವಲ್ಪ ಹೊತ್ತಿಗೆ ತಳದಿಂದ ದೊಡ್ಡ ಗುಳ್ಳೆ ಎದ್ದು, ಅರ್ಧ ದಾರಿಯಲ್ಲೇ ಮಾಯವಾಗುತ್ತದೆ. ಇದು ಆವಿಯ ಗುಳ್ಳೆ. ಮೇಲಿನ ನೀರು ಇನ್ನೂ ಅಷ್ಟು ಕಾದಿರುವುದಿಲ್ಲ. ಅಲ್ಲಿ ಆವಿ ತಣಿದು ಮತ್ತೆ ನೀರಾಗುತ್ತದೆ, ಗುಳ್ಳೆ ಕುಸಿಯುತ್ತದೆ. ಆಗ ಕೇಳಿಸುವ ಸುಂಯ್ ಸದ್ದು ಅದೇ. ಆ ಸದ್ದು ಇಳಿದು, ನೀರು ಮೇಲಿನವರೆಗೂ ಕೊತಕೊತ ಅಂದಾಗ ನಿಜವಾಗಿ ಕುದಿ ಬಂತು. ಅಮ್ಮ ಪಾತ್ರೆಯ ಮುಚ್ಚಳ ತೆಗೆಯದೆ "ಎಸರು ಮರಳಿತು" ಅನ್ನುವುದು ಈ ಸದ್ದು ಕೇಳಿಯೇ.

ತಂತಿ ಮೇಲಿನ ಬಟ್ಟೆ ಒಣಗಲು ನೀರು ಕುದಿಯಬೇಕಿಲ್ಲ. ಮೇಲ್ಮೈಯಿಂದ ನೀರು ಯಾವಾಗಲೂ ಆವಿಯಾಗುತ್ತಲೇ ಇರುತ್ತದೆ. ಆದರೆ ನೀರಿನ ಒಳಗೇ ಆವಿಯ ಗುಳ್ಳೆ ಹುಟ್ಟಿ ಉಳಿಯಬೇಕಾದರೆ, ಅದರ ಒತ್ತಡ ಹೊರಗಿನ ಗಾಳಿಯ ಒತ್ತಡಕ್ಕೆ ಸಮ ಬರಬೇಕು. ಹೊರಗಿನ ಒತ್ತಡ ಕಡಿಮೆ ಇದ್ದರೆ ಕಡಿಮೆ ಉಷ್ಣತೆಯಲ್ಲೇ ಸಮ ಬರುತ್ತದೆ. ಕುಕ್ಕರಿನಲ್ಲಿ ಒತ್ತಡ ಜಾಸ್ತಿ, ಅದಕ್ಕೇ ಅಲ್ಲಿ ನೀರು 120 ಡಿಗ್ರಿ ಹತ್ತಿರ ಹೋಗುತ್ತದೆ.

ಕುದಿ ಬಂದ ಮೇಲೆ ಉರಿ ಎಷ್ಟು ಜೋರು ಮಾಡಿದರೂ 97 ದಾಟುವುದಿಲ್ಲ. 25 ಡಿಗ್ರಿಯ ಒಂದು ಗ್ರಾಂ ನೀರನ್ನು 97ಕ್ಕೆ ತರಲು 72 ಕ್ಯಾಲೊರಿ ಸಾಕು. ಅದನ್ನು ಪೂರ್ತಿ ಆವಿ ಮಾಡಲು ಸುಮಾರು 540 ಬೇಕು. ಉರಿಯ ಶಾಖವೆಲ್ಲ ಅಣುಗಳನ್ನು ಒಂದರಿಂದ ಒಂದು ಬಿಡಿಸುವುದಕ್ಕೇ ಖರ್ಚಾಗುತ್ತದೆ. ಇದು ಗೊತ್ತಾದ ಮೇಲೆ, ತೆರೆದ ಪಾತ್ರೆಯಲ್ಲಿ ಬೇಳೆ ಕುದಿ ಬಂದ ಕೂಡಲೇ ನಾನು ಉರಿ ಸಣ್ಣ ಮಾಡುತ್ತೇನೆ.

ಕೊನೆಗೆ ಸಿರಿಂಜ್ ಪ್ರಯೋಗ. ಸೂಜಿ ಇಲ್ಲದ ದೊಡ್ಡ ಸಿರಿಂಜಿನಲ್ಲಿ 60 ಡಿಗ್ರಿಯ ನೀರನ್ನು ಕಾಲು ಭಾಗ ಎಳೆದುಕೊಂಡು, ಒಳಗಿನ ಗಾಳಿ ಹೊರಹಾಕಿ, ತುದಿಗೆ ರಬ್ಬರ್ ಬಿರಡೆ ಹಾಕಬೇಕು. ಚೆನ್ನಾಗಿ ಕುದಿಸಿ ಆರಿಸಿದ ನೀರೇ ಆಗಬೇಕು, ಇಲ್ಲದಿದ್ದರೆ ಬರೀ ಕರಗಿದ ಗಾಳಿಯ ಗುಳ್ಳೆ ಬಂದು ಮಕ್ಕಳು ಮೋಸ ಹೋಗುತ್ತಾರೆ. ಹಿಡಿಯನ್ನು ಜೋರಾಗಿ ಹಿಂದಕ್ಕೆ ಎಳೆದರೆ ಉರಿಯೇ ಇಲ್ಲದೆ ನೀರು ಕುದಿಯುತ್ತದೆ. ಕೈ ಬಿಟ್ಟರೆ ತಕ್ಷಣ ಸುಮ್ಮನಾಗುತ್ತದೆ. 97 ಅಳಿಸಿದ ಹುಡುಗಿ ನಾಲ್ಕು ಸಲ ಎಳೆದು ನೋಡಿದಳು.

ಈಗ ನಮ್ಮ ರೆಕಾರ್ಡ್ ಪುಸ್ತಕದಲ್ಲಿ ಕುದಿಯುವ ಬಿಂದುವಿನ ಪಕ್ಕ ಊರಿನ ಹೆಸರಿಗೂ ಒಂದು ಕಾಲಂ ಹಾಕಿಸುತ್ತೇನೆ.